ಮಳೆಯಲ್ಲಿ ಬಾಣ ಬಿಡುವ ಮುನ್ನ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಆರು ವರ್ಷಗಳಿಂದ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಲ್ಯಾನ್ಸಿಂಗ್ ನಗರದ ಸಮೀಪ ನೆಲೆಸಿದ್ದೇನೆ. ಬೇಟೆ ಸುರಕ್ಷತೆಯ ತರಬೇತಿ ಮುಗಿಸಿ, ಪರವಾನಗಿ ಪಡೆದು, ಈ ವರ್ಷ ಮೊದಲ ಬಾರಿಗೆ ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಟಿದ್ದೇನೆ. ಪರಿಚಿತ ರೈತರೊಬ್ಬರ ಒಪ್ಪಿಗೆ ಪಡೆದು ಅವರ ಹೊಲದ ಅಂಚಿನ ಕಾಡಿನಲ್ಲಿ, ಮೇಪಲ್ ಮರವೊಂದರ ಮೇಲೆ 18 ಅಡಿ ಎತ್ತರದಲ್ಲಿ ಅಟ್ಟಣೆ ಕಟ್ಟಿದ್ದೇನೆ. ನನಗೆ ಬಿಡುವು ಸಿಗುವುದು ಶನಿವಾರ ಮಾತ್ರ. ಅಕ್ಟೋಬರ್ ಕೊನೆಯ ಈ ಶನಿವಾರ ಬೆಳಗ್ಗಿನಿಂದ ಮಧ್ಯಾಹ್ನ ಮೂರರವರೆಗೆ ಮಳೆ ಎಂದು ಮುನ್ಸೂಚನೆ ಇದೆ. ಕಚೇರಿಯಲ್ಲಿರುವ ಹಿರಿಯ ಬೇಟೆಗಾರರು, ‘ಮಳೆಯ ದಿನವೇ ಒಳ್ಳೆಯದು, ಜಿಂಕೆಗೆ ನಿನ್ನ ವಾಸನೆಯೂ ಹತ್ತುವುದಿಲ್ಲ, ಸದ್ದೂ ಕೇಳುವುದಿಲ್ಲ’ ಎನ್ನುತ್ತಾರೆ. ಹೋಗಲೇ? ಯಾವ ಬಗೆಯ ಜಾಕೆಟ್ ಕೊಳ್ಳಲಿ? ಗರಿ ಕಟ್ಟಿದ ಬಾಣ ಮಳೆಗೆ ಒಗ್ಗುವುದಿಲ್ಲ ಎನ್ನುವುದು ನಿಜವೇ?

ಉತ್ತರ: ಹೋಗಿ, ಆದರೆ ಮೂರು ಗಂಟೆಯ ನಂತರ ಹೋಗಿ. ಬೆಳಗಿನ ಮಳೆಯಲ್ಲೇ ಮರ ಹತ್ತದೆ ಕೆಳಗೆ ಕೂತು ಕಾಡನ್ನು ನೋಡುತ್ತೇನೆ ಎಂದರೆ ನನ್ನ ಅಡ್ಡಿಯಿಲ್ಲ; ಬಿಲ್ಲನ್ನು ಮಾತ್ರ ಎಳೆಯಬೇಡಿ. ಜಾಕೆಟ್ಟಿನ ಮಾತು ಕೊನೆಗೆ ಬರಲಿ. ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ, ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ: ಬಾಣ ತಗುಲಿಸಿಕೊಂಡು ಓಡಿದ ಜಿಂಕೆಯನ್ನು ಮಳೆಯಲ್ಲಿ ಹೇಗೆ ಹುಡುಕುತ್ತೀರಿ?

ಬಂದೂಕು ಕೊಲ್ಲುವ ಬಗೆ ಬೇರೆ, ಬಿಲ್ಲು ಕೊಲ್ಲುವ ಬಗೆ ಬೇರೆ. ಗುಂಡಿನ ವೇಗದ ಪೆಟ್ಟು ತಾನು ಹೊಕ್ಕ ದಾರಿಯ ಸುತ್ತಲಿನ ಮಾಂಸವನ್ನೂ ಒಡೆಯುತ್ತದೆ, ಪ್ರಾಣಿ ಎಷ್ಟೋ ಸಲ ನಿಂತಲ್ಲೇ ಕುಸಿಯುತ್ತದೆ. ಬಾಣದ ತುದಿಯಲ್ಲಿರುವ ಅಲಗು, ಇಲ್ಲಿನವರು ಬ್ರಾಡ್‌ಹೆಡ್ ಎನ್ನುವ ಕ್ಷೌರದ ಕತ್ತಿಯಂಥ ಮೊನೆ, ರಕ್ತನಾಳಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ರಕ್ತ ಸೋರಿ, ಶ್ವಾಸಕೋಶ ಕುಗ್ಗಿ ಜಿಂಕೆ ಸಾಯುತ್ತದೆ. ಎರಡೂ ಶ್ವಾಸಕೋಶಗಳನ್ನು ಸೀಳಿ ಬಾಣ ಆಚೆ ಹೊರಬಿದ್ದರೂ ಅದಕ್ಕೆ ಓಡಲು ಕೆಲವು ಸೆಕೆಂಡುಗಳು ಉಳಿದಿರುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ಅದು ನೂರು ಗಜ ದಾಟಬಲ್ಲದು. ಹೊಲದಂಚಿನ ಪೊದೆಗಾಡಿನಲ್ಲಿ ನೂರು ಗಜ ಎಂದರೆ ಕಣ್ಣಿಗೆ ಎಟುಕದ ದೂರ. ಅಲ್ಲಿಯವರೆಗೆ ನಿಮ್ಮನ್ನು ಕರೆದೊಯ್ಯುವುದು ತರಗೆಲೆಗಳ ಮೇಲೆ ಬಿದ್ದ ರಕ್ತದ ಹನಿ. ಜೋರು ಮಳೆಗೆ ಅದನ್ನು ತೊಳೆಯಲು ಕೆಲವೇ ನಿಮಿಷ ಸಾಕು.

ನಾನು ಇದನ್ನು ಕಲಿತದ್ದು ಒಂದು ಹೆಣ್ಣು ಜಿಂಕೆಯಿಂದ, ಬಿಲ್ಲು ಹಿಡಿದ ಎರಡನೆಯ ವರ್ಷ. ಅಂದು ಸಂಜೆ ತುಂತುರು ಬೀಳುತ್ತಿತ್ತು. ಹದಿನೆಂಟು ಗಜ ದೂರದಲ್ಲಿ ಅದು ಅಡ್ಡಲಾಗಿ ನಿಂತಿತು. ಬಾಣ ಬಿಟ್ಟೆ, ತಗುಲಿದ ಸದ್ದೂ ಕೇಳಿತು. ಕಲಿಸಿದವರು ಹೇಳಿದ್ದಂತೆ ಅರ್ಧ ಗಂಟೆ ಕಾಯಲು ಕುಳಿತೆ. ಹತ್ತನೆಯ ನಿಮಿಷಕ್ಕೆ ತುಂತುರು ಹೋಗಿ ಜಡಿಮಳೆ ಹಿಡಿಯಿತು. ಕೆಳಗಿಳಿದು ನೋಡಿದಾಗ ಜಿಂಕೆ ನಿಂತಿದ್ದ ಜಾಗದಲ್ಲಿ ಒಂದು ಹಿಡಿ ಕೂದಲು ಬಿಟ್ಟರೆ ಏನೂ ಇರಲಿಲ್ಲ. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಹುಡುಕಿದೆ, ಮರುದಿನ ಕೆಲಸಕ್ಕೆ ರಜೆ ಹಾಕಿ ಸಂಜೆಯವರೆಗೆ ಹುಡುಕಿದೆ. ಮೂರನೆಯ ದಿನ ಕಾಗೆಗಳ ಗದ್ದಲ ಅದು ಬಿದ್ದಿದ್ದ ಜಾಗ ತೋರಿಸಿತು. ನನ್ನ ಮರದಿಂದ ನೂರಿಪ್ಪತ್ತು ಗಜ ಇದ್ದಿರಬಹುದು, ನಾನು ಎರಡು ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದೆ. ಕಾಡುನಾಯಿಗಳು ಅರ್ಧ ತಿಂದಿದ್ದವು. ಮನೆಗೆ ಬಂದು ಆ ವರ್ಷದ ಉಳಿದ ದಿನಗಳಿಗೆ ಬಿಲ್ಲನ್ನು ಪೆಟ್ಟಿಗೆಯೊಳಗಿಟ್ಟೆ. ಈಗ ಬೇಟೆ ಸುರಕ್ಷತೆಯ ತರಗತಿಗಳಲ್ಲಿ ಸ್ವಯಂಸೇವಕನಾಗಿ ಪಾಠ ಹೇಳುವಾಗ ಪ್ರತಿ ತಂಡಕ್ಕೂ ಈ ಜಿಂಕೆಯ ಕಥೆ ಹೇಳುತ್ತೇನೆ.

ಅಂದಿನಿಂದ ನಾನು ಪಾಲಿಸುವ ನಿಯಮ ಇಷ್ಟೆ. ಮಳೆ ಸುರಿಯುತ್ತಿದ್ದರೆ, ಅಥವಾ ಇನ್ನೊಂದು ಗಂಟೆಯೊಳಗೆ ಸುರಿಯುವಂತಿದ್ದರೆ, ಬಾಣ ಬಿಡುವುದಿಲ್ಲ. ಸಣ್ಣ ಸೋನೆ, ಎಲೆಯ ಮೇಲೆ ನೀರು ಹರಿಯದಷ್ಟು ತೆಳ್ಳಗಿನ ಹನಿ, ಇದ್ದರೆ ಇಪ್ಪತ್ತು ಗಜದೊಳಗೆ, ಜಿಂಕೆ ನಿಶ್ಚಿಂತೆಯಿಂದ ಅಡ್ಡಲಾಗಿ ಅಥವಾ ತುಸು ಆಚೆಗೆ ತಿರುಗಿ ನಿಂತಿದ್ದರೆ ಮಾತ್ರ. ಒಣಗಿದ ದಿನ ಮೂವತ್ತು ಗಜಕ್ಕೂ ಕೈ ನಡುಗದವರು ಇದ್ದಾರೆ, ನಿಜ. ಆದರೆ ಮಳೆಯಲ್ಲಿ ತಪ್ಪಿಗೆ ತೆರಬೇಕಾದ ಬೆಲೆಯನ್ನು ಜಿಂಕೆ ತೆರುತ್ತದೆ, ಬೇಟೆಗಾರನಲ್ಲ.

ಎತ್ತರದಿಂದ ಹೊಡೆಯುವವರಿಗೆ ಇನ್ನೊಂದು ತೊಡಕಿದೆ. ನಿಮ್ಮ ಅಟ್ಟಣೆ 18 ಅಡಿಯಲ್ಲಿದೆ. ನೀವು ಎದ್ದು ನಿಂತು ಬಿಲ್ಲು ಎಳೆದಾಗ ಬಾಣ ಜಿಂಕೆಯ ಎದೆಗಿಂತ ಸುಮಾರು 20 ಅಡಿ ಮೇಲಿರುತ್ತದೆ. ಜಿಂಕೆ 20 ಗಜ, ಅಂದರೆ 60 ಅಡಿ ದೂರದಲ್ಲಿದ್ದರೆ ಬಾಣ ಸುಮಾರು 18 ಡಿಗ್ರಿ ಕೆಳಮುಖವಾಗಿ ಹೋಗುತ್ತದೆ. ಅದೇ ಜಿಂಕೆ 5 ಗಜಕ್ಕೆ ಬಂದರೆ ಕೋನ 50 ಡಿಗ್ರಿ ದಾಟುತ್ತದೆ. ಅಷ್ಟು ಕಡಿದಾದ ಬಾಣ ಬೆನ್ನಿನಿಂದ ಹೊಕ್ಕು ಒಂದೇ ಶ್ವಾಸಕೋಶ ಸೀಳಿ ನಿಂತುಬಿಡಬಹುದು. ಒಂದೇ ಶ್ವಾಸಕೋಶ ಹರಿದ ಜಿಂಕೆ ಬಹಳ ದೂರ ಹೋಗುತ್ತದೆ, ಮೇಲ್ಭಾಗದಲ್ಲಿರುವ ಒಂದೇ ಗಾಯದಿಂದ ರಕ್ತ ಹೊರಗೆ ಚೆಲ್ಲದೆ ಎದೆಯ ಗೂಡಿನೊಳಗೇ ತುಂಬುತ್ತದೆ. ಮಳೆಯಿಲ್ಲದ ದಿನವೇ ಇಂಥ ಜಾಡು ಹಿಡಿಯುವುದು ಕಷ್ಟ. ಆದ್ದರಿಂದ ಹತ್ತಿರ ಬಂದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಟ್ಟಣೆಯ ಮೇಲೆ ನಡೆಯುವುದಿಲ್ಲ. ಹದಿನೈದರಿಂದ ಇಪ್ಪತ್ತು ಗಜವೇ ಸರಿಯಾದ ದೂರ. ಗುರಿಯನ್ನು ಈಚೆ ಬದಿಯ ಚರ್ಮದ ಮೇಲೆ ಇಡಬೇಡಿ. ಬಾಣ ಆಚೆ ಬದಿಯಲ್ಲಿ ಎಲ್ಲಿ ಹೊರಬೀಳಬೇಕು ಎಂದು ಮನಸ್ಸಿನಲ್ಲೇ ಗೆರೆ ಎಳೆದು, ಆ ಗೆರೆಯನ್ನು ಹಿಂದಕ್ಕೆ ತಂದು ಗುರಿ ಹಿಡಿಯಿರಿ. ಕೆಳಗೆ ಹೊರಬಿದ್ದ ಗಾಯದಿಂದಲೇ ರಕ್ತ ನೆಲಕ್ಕೆ ಸುರಿಯುತ್ತದೆ.

ಇನ್ನು ಮಳೆ ನಿಂತ ಸಂಜೆ ನೀವು ಬಾಣ ಬಿಟ್ಟಿರಿ ಎಂದೇ ಇಟ್ಟುಕೊಳ್ಳೋಣ. ಮರದಿಂದ ಇಳಿಯುವ ಮೊದಲು ಎರಡು ಗುರುತುಗಳನ್ನು ಮಾಡಿಕೊಳ್ಳಿ: ಬಾಣ ತಗುಲಿದಾಗ ಜಿಂಕೆ ನಿಂತಿದ್ದ ಜಾಗ, ಮತ್ತು ಅದು ಕಣ್ಮರೆಯಾದ ಜಾಗ. ಮೇಲಿನಿಂದ ಕಾಣುವ ಕಾಡು ಬೇರೆ, ಕೆಳಗಿಳಿದ ಮೇಲೆ ಕಾಣುವ ಕಾಡು ಬೇರೆ. ಇಳಿದ ಕೂಡಲೇ ದಿಕ್ಕು ತಪ್ಪುತ್ತದೆ. ಮೊಬೈಲಿನ ದಿಕ್ಸೂಚಿಯನ್ನು ಅತ್ತ ತಿರುಗಿಸಿ ಡಿಗ್ರಿ ಬರೆದಿಟ್ಟುಕೊಳ್ಳಿ. ಕೆಳಗೆ ಬಂದು ಮೊದಲು ಬಾಣ ಹುಡುಕಿ, ಏಕೆಂದರೆ ಗಾಯ ಎಂಥದ್ದೆಂದು ಅದು ಹೇಳುತ್ತದೆ. ಅದರ ಮೇಲಿನ ರಕ್ತ ನೊರೆನೊರೆಯಾಗಿ ತಿಳಿಗೆಂಪಾಗಿದ್ದರೆ ಪೆಟ್ಟು ಬಿದ್ದದ್ದು ಶ್ವಾಸಕೋಶಕ್ಕೆ. ಕಡುಗೆಂಪಾಗಿ ಕಂದಿದ್ದರೆ ಹೆಚ್ಚಾಗಿ ಯಕೃತ್ತು. ಹಸಿರು ಅಥವಾ ಕಂದು ಲೋಳೆ, ಅರೆಜೀರ್ಣ ಮೇವಿನ ದುರ್ವಾಸನೆ ಇದ್ದರೆ ಹೊಟ್ಟೆ ಅಥವಾ ಕರುಳು. ಬಾಣ ಬಿದ್ದಿರುವ ಜಾಗದಲ್ಲಿ ಎಲೆಯ ನೀರು ತೊಟ್ಟಿಕ್ಕುತ್ತಿದ್ದರೆ ಬಣ್ಣ ಬೇಗ ಅಳಿಯುತ್ತದೆ, ಕೂಡಲೇ ಒಂದು ಫೋಟೋ ತೆಗೆದಿಡಿ.

ಒಣ ಹವೆಯಲ್ಲಿ ಶ್ವಾಸಕೋಶದ ಪೆಟ್ಟಿಗೆ ಅರ್ಧ ಗಂಟೆ, ಯಕೃತ್ತಿಗೆ ಮೂರು ನಾಲ್ಕು ಗಂಟೆ, ಹೊಟ್ಟೆಯ ಪೆಟ್ಟಿಗೆ ಎಂಟರಿಂದ ಹನ್ನೆರಡು ಗಂಟೆ ಕಾಯಬೇಕೆಂದು ತರಗತಿಯಲ್ಲಿ ಕಲಿತಿರುತ್ತೀರಿ. ಮೋಡ ಮತ್ತೆ ಕವಿದರೆ ಎಲ್ಲರಿಗೂ ಇಲ್ಲೇ ಗೊಂದಲ: ಕಾದರೆ ಜಾಡು ತೊಳೆದುಹೋಗುತ್ತದೆ, ಹೋದರೆ ಜಿಂಕೆ ಎದ್ದು ಓಡುತ್ತದೆ. ನನ್ನ ತೀರ್ಮಾನ ಗಾಯದ ಮೇಲೆ ನಿಂತಿದೆ. ಶ್ವಾಸಕೋಶದ ಪೆಟ್ಟು ಎಂದು ಬಾಣ ಸ್ಪಷ್ಟವಾಗಿ ಹೇಳುತ್ತಿದ್ದರೆ ಕಾಯಬೇಡಿ, ಮಳೆಗೆ ಮುಂಚೆ ಹೊರಡಿ. ಆ ಜಿಂಕೆ ಆಗಲೇ ಬಿದ್ದಿರುತ್ತದೆ. ಹೊಟ್ಟೆಯ ಪೆಟ್ಟಾದರೆ ಮಳೆ ಎಷ್ಟೇ ಹೊಡೆಯಲಿ, ಕಾಯಿರಿ. ಹೊಟ್ಟೆಗೆ ಪೆಟ್ಟಾದ ಜಿಂಕೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಹತ್ತಿರದ ಪೊದೆಯಲ್ಲೇ ಮಲಗುತ್ತದೆ, ಅಲ್ಲೇ ಸಾಯುತ್ತದೆ. ಅದನ್ನು ಎಬ್ಬಿಸಿದಿರೋ, ಅರ್ಧ ಮೈಲಿ ಹೋಗುತ್ತದೆ. ಅಂಥ ಗಾಯದಿಂದ ಮೊದಲೇ ರಕ್ತ ಕಡಿಮೆ, ಮಳೆಯಲ್ಲಿ ಅದೂ ಇರುವುದಿಲ್ಲ. ಜಾಡು ಅಳಿದರೂ ಜಿಂಕೆ ಹತ್ತಿರವಿರುವುದು ಮೇಲು. ಹಾಗೆ ಕಾಯುವಾಗ ಮಾಂಸ ಕೆಡುವ ಭಯ ಇದ್ದೇ ಇದೆ, ಅಕ್ಟೋಬರಿನ ಬೆಚ್ಚಗಿನ ಮಳೆರಾತ್ರಿಯಲ್ಲಿ ಇನ್ನೂ ಹೆಚ್ಚು. ಅದು ನೀವು ಒಪ್ಪಿಕೊಳ್ಳಬೇಕಾದ ನಷ್ಟ.

ಜಾಡು ಮಂಕಾದಾಗ ನೆಲವನ್ನಷ್ಟೇ ನೋಡುತ್ತಾ ಹೋಗಬೇಡಿ. ಓಡುವ ಜಿಂಕೆಯ ಪಕ್ಕೆ ಗಿಡಗಂಟಿಗಳಿಗೆ ಸವರುತ್ತದೆ. ಹುಲ್ಲಿನ ದಂಟಿನ ಮೊಣಕಾಲೆತ್ತರದಲ್ಲಿ, ಎಲೆಯ ಅಡಿಮೈಯಲ್ಲಿ, ಬಿದ್ದ ಮರದ ಕೆಳಮಗ್ಗುಲಲ್ಲಿ, ಮಳೆ ನೇರ ಬೀಳದ ಕಡೆ ರಕ್ತ ಉಳಿದಿರುತ್ತದೆ. ಕೆಂಪು ಎಲೆಯೋ ರಕ್ತವೋ ಎಂಬ ಅನುಮಾನ ಮೇಪಲ್ ಕಾಡಿನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಸಣ್ಣ ಸಿಂಪಡಿಕೆ ಬಾಟಲಿಯಲ್ಲಿ ಒಯ್ಯಿರಿ. ರಕ್ತವಾಗಿದ್ದರೆ ಬಿಳಿ ನೊರೆ ಏಳುತ್ತದೆ. ಕಂಡ ಪ್ರತಿ ಹನಿಯ ಬಳಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಹಲವರು ಕಾಗದದ ತುಂಡು ಇಡುತ್ತಾರೆ, ಮಳೆಯಲ್ಲಿ ಅದು ಕರಗಿಹೋಗುತ್ತದೆ. ಹಿಂತಿರುಗಿ ನೋಡಿದಾಗ ಪಟ್ಟಿಗಳ ಸಾಲು ಜಿಂಕೆ ಹೋದ ದಿಕ್ಕನ್ನು ತೋರಿಸುತ್ತದೆ. ಜಾಡು ಪೂರ್ತಿ ಸತ್ತರೆ ಪಳಗಿದ ನಾಯಿಯನ್ನು ಕರೆಸಿ. ಮಿಷಿಗನ್‌ನಲ್ಲಿ ಗಾಯಗೊಂಡ ಜಿಂಕೆಯನ್ನು ಹುಡುಕಲು ಹಗ್ಗ ಕಟ್ಟಿದ ನಾಯಿಯನ್ನು ಬಳಸಲು ಕಾನೂನು ಅವಕಾಶ ಕೊಡುತ್ತದೆ. ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಎಂಬ ಸಂಘದ ಮೂಲಕ ಇಂಥ ನಾಯಿ ಸಾಕಿದವರು ಸಿಗುತ್ತಾರೆ. ನಾಯಿ ಹಿಡಿಯುವುದು ರಕ್ತದ ವಾಸನೆಯನ್ನು ಮಾತ್ರವಲ್ಲ, ಗೊರಸುಗಳ ನಡುವಿನ ಗ್ರಂಥಿ ನೆಲದಲ್ಲಿ ಬಿಟ್ಟುಹೋದ ವಾಸನೆಯನ್ನೂ ಹಿಡಿಯುತ್ತದೆ. ನಮ್ಮ ಕಣ್ಣಿಗೆ ಏನೂ ಉಳಿಯದ ಕಡೆ ನಾಯಿ ಮೂಗು ತಗ್ಗಿಸಿ ನೇರ ನಡೆದುಹೋಗುವುದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟರೊಳಗೆ ನೀವೂ ನಿಮ್ಮ ಗೆಳೆಯರೂ ಜಾಗವನ್ನೆಲ್ಲ ತುಳಿದಿರಬಾರದು.

ಒಂದು ಕೆಲಸವನ್ನು ಶನಿವಾರಕ್ಕೆ ಮುಂಚೆಯೇ ಮುಗಿಸಿ. ನಿಮ್ಮ ರೈತರ ಪಕ್ಕದ ಜಮೀನಿನವರನ್ನು ಕಂಡು, ‘ಗಾಯಗೊಂಡ ಜಿಂಕೆ ನಿಮ್ಮ ಹೊಲಕ್ಕೆ ಬಂದರೆ ಹುಡುಕಲು ಬರಬಹುದೇ’ ಎಂದು ಕೇಳಿಡಿ. ಅನುಮತಿಯಿಲ್ಲದೆ ಅವರ ಬೇಲಿ ದಾಟುವಂತಿಲ್ಲ. ಮಳೆ ಬರುವ ಸಂಜೆ, ಜಾಡು ನಿಮಿಷ ನಿಮಿಷಕ್ಕೂ ಮಾಸುತ್ತಿರುವಾಗ, ಒದ್ದೆ ಬಟ್ಟೆಯಲ್ಲಿ ಅಪರಿಚಿತರ ಬಾಗಿಲು ಬಡಿಯುವ ಹೊತ್ತು ಅದಲ್ಲ.

ಈಗ ಮರದ ವಿಷಯ. ನಾನು ಸಾಗರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಯಲು ಮರ ಹತ್ತುವವರು ಮಳೆ ಬಿಡುವು ಕೊಡುವವರೆಗೆ ತೋಟದ ಬದಿಯಲ್ಲಿ ಕೂತು ಕಾಯುತ್ತಿದ್ದರು. ಔಷಧಿ ತೊಳೆದುಹೋಗುತ್ತದೆ ಎಂಬುದು ಒಂದು ಕಾರಣ, ಮರ ಜಾರುತ್ತದೆ ಎಂಬುದು ಇನ್ನೊಂದು. ಹುಟ್ಟಿದಾಗಿನಿಂದ ಮರ ಹತ್ತಿದವರೇ ಕಾಯುತ್ತಿದ್ದಾಗ, ವರ್ಷಕ್ಕೆ ಹತ್ತು ದಿನ ಹತ್ತುವ ನಾವು ಕಾಯದಿರುವುದು ಸರಿಯಲ್ಲ.

ಅಟ್ಟಣೆಯ ಅಪಘಾತಗಳಲ್ಲಿ ಬಹುಪಾಲು ಆಗುವುದು ಹತ್ತುವಾಗ, ಇಳಿಯುವಾಗ, ಮತ್ತು ಏಣಿಯಿಂದ ಅಟ್ಟಣೆಗೆ ಕಾಲಿಡುವ ಆ ಒಂದು ಹೆಜ್ಜೆಯಲ್ಲಿ. ಆದ್ದರಿಂದ ಮೇಲೆ ಹೋಗಿ ಕೂತ ಮೇಲೆ ಹಾರ್ನೆಸ್ (ಬೀಳದಂತೆ ಮೈಗೆ ಬಿಗಿಯುವ ಪಟ್ಟಿಗಳ ಕವಚ) ಸಿಕ್ಕಿಸಿಕೊಳ್ಳುವ ಅಭ್ಯಾಸದಿಂದ ಉಪಯೋಗ ಕಡಿಮೆ. ಅಟ್ಟಣೆಯ ಮೇಲ್ಭಾಗದಿಂದ ನೆಲದವರೆಗೆ ಒಂದು ರಕ್ಷಣಾ ಹಗ್ಗ ಇಳಿಬಿಟ್ಟು, ಅದಕ್ಕೆ ಪ್ರೂಸಿಕ್ ಗಂಟು ಹಾಕಿ, ಆ ಗಂಟಿಗೆ ಹಾರ್ನೆಸ್ಸನ್ನು ನೆಲದಲ್ಲೇ ಸಿಕ್ಕಿಸಿ. ಹತ್ತಿದಂತೆ ಗಂಟನ್ನು ಮೇಲಕ್ಕೆ ಜಾರಿಸಿಕೊಂಡು ಹೋಗಬೇಕು. ಕಾಲು ಜಾರಿದರೆ ಗಂಟು ಬಿಗಿದು ಹಿಡಿಯುತ್ತದೆ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಏಣಿಯ ಮೇಲಿರಲಿ. ಬಿಲ್ಲನ್ನು ಹೆಗಲಿಗೇರಿಸಿ ಹತ್ತಬೇಡಿ. ಅಲಗುಗಳೆಲ್ಲ ಬತ್ತಳಿಕೆಯ ಮುಚ್ಚಳದೊಳಗಿವೆಯೇ ನೋಡಿ, ಬಿಲ್ಲನ್ನು ತೆಳು ಹಗ್ಗಕ್ಕೆ ಕಟ್ಟಿ, ನೀವು ಕೂತ ಮೇಲೆ ಎಳೆದುಕೊಳ್ಳಿ.

ಮಳೆ ಬಂದು ನಿಂತ ದಿನ ಇನ್ನೂ ಕೆಲವು ಎಚ್ಚರ ಬೇಕು. ಬೀಚ್, ಎಳೆಯ ಮೇಪಲ್ ಮರಗಳ ತೊಗಟೆ ನುಣುಪು, ನೆನೆದರೆ ಪಾಚಿಗಟ್ಟಿದ ಬಾವಿಯ ಮೆಟ್ಟಿಲಿನಂತೆ. ನಿಮ್ಮದು ಪಟ್ಟಿಯಿಂದ ಬಿಗಿದ ಅಟ್ಟಣೆಯಾದ್ದರಿಂದ ಅಷ್ಟು ಚಿಂತೆಯಿಲ್ಲ, ಆದರೆ ನೈಲಾನ್ ಪಟ್ಟಿ ನೆನೆದಾಗ ತುಸು ಹಿಗ್ಗುತ್ತದೆ. ನೆಲದಲ್ಲಿ ನಿಂತು ಏಣಿಯನ್ನು ಜಗ್ಗಿ ನೋಡಿ. ಮೇಲೆ ಹೋಗಿ, ಹಾರ್ನೆಸ್ ಹಗ್ಗದಲ್ಲಿರುವಾಗಲೇ ಅಟ್ಟಣೆಯ ಪಟ್ಟಿಯನ್ನು ಮತ್ತೊಮ್ಮೆ ಬಿಗಿ ಮಾಡಿ. ಬೂಟಿನ ಅಡಿಯ ಕೆಸರನ್ನು ಕೋಲಿನಿಂದ ಕೆರೆದು ತೆಗೆದೇ ಮೊದಲ ಮೆಟ್ಟಿಲಿಗೆ ಕಾಲಿಡಿ. ಕಬ್ಬಿಣದ ಮೆಟ್ಟಿಲು, ಅದರ ಮೇಲೆ ಕೆಸರು, ಅದರ ಮೇಲೆ ನೀರು, ಈ ಮೂರು ಕೂಡಿದರೆ ಯಾವ ಬೂಟೂ ನಿಲ್ಲುವುದಿಲ್ಲ. ಗುಡುಗು ಕೇಳಿದರೆ ಇಳಿಯಿರಿ, ಜಿಂಕೆ ಕಣ್ಣೆದುರಿದ್ದರೂ ಇಳಿಯಿರಿ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಯ ಜೇಬಿನಲ್ಲಿಡಿ, ಜೊತೆಗೆ ಒಂದು ಸೀಟಿ ಇರಲಿ. ಹಾರ್ನೆಸ್ಸಿನಲ್ಲಿ ತೂಗಾಡುವ ಮನುಷ್ಯನ ಒದ್ದೆ ಬೆರಳಿಗೆ ಮೊಬೈಲಿನ ಪರದೆ ಓಗೊಡುವುದಿಲ್ಲ. ಹಾಗೆ ತೂಗಾಡುವ ಪರಿಸ್ಥಿತಿ ಬಂದರೆ ಕಾಲುಗಳನ್ನು ಆಡಿಸುತ್ತಲೇ ಇರಬೇಕು, ಹಾರ್ನೆಸ್ಸಿನ ಜೊತೆ ಬರುವ ಪಟ್ಟಿಯನ್ನು ಪಾದಕ್ಕೆ ಹಾಕಿ ಅದರ ಮೇಲೆ ನಿಲ್ಲಬೇಕು. ತೊಡೆಯ ಪಟ್ಟಿ ರಕ್ತಸಂಚಾರವನ್ನು ತಡೆದು ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಅಪಾಯ ತರುತ್ತದೆ. ಯಾವ ಮರ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯಲ್ಲಿ ಚೀಟಿ ಬರೆದಿಟ್ಟು ಹೊರಡಿ.

ನಿಮ್ಮ ಕಚೇರಿಯ ಹಿರಿಯರ ಮಾತಿಗೆ ಬರುತ್ತೇನೆ. ಅರ್ಧ ನಿಜ. ನೆನೆದ ತರಗೆಲೆಯ ಮೇಲೆ ನೀವು ಸದ್ದಿಲ್ಲದೆ ನಡೆದು ಮರ ಸೇರಬಹುದು, ನಿಜ. ಆದರೆ ಜಿಂಕೆಯೂ ಸದ್ದಿಲ್ಲದೆ ಬರುತ್ತದೆ. ಒಣ ದಿನ ಚರಚರ ಎಂದು ಮುನ್ಸೂಚನೆ ಕೊಡುವ ಎಲೆ ಅಂದು ಏನೂ ಹೇಳುವುದಿಲ್ಲ. ತಲೆ ಎತ್ತುವಷ್ಟರಲ್ಲಿ ಅದು ನಿಮ್ಮ ಮರದ ಕೆಳಗಿರುತ್ತದೆ. ಕಿವಿಯನ್ನು ನಂಬದೆ ಕಣ್ಣಿನಿಂದ ಕಾಡನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹುಡುಕುತ್ತಲೇ ಇರಿ. ವಾಸನೆ ಹತ್ತುವುದಿಲ್ಲ ಎನ್ನುವುದಂತೂ ತಪ್ಪು. ಜಡಿಮಳೆ ಗಾಳಿಯಲ್ಲಿರುವ ವಾಸನೆಯನ್ನು ತಗ್ಗಿಸುತ್ತದೆ, ಹೌದು. ಆದರೆ ಮಳೆ ನಿಂತ ಮೇಲಿನ ತೇವದ ಗಾಳಿ ವಾಸನೆಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಜಿಂಕೆಯ ಒದ್ದೆ ಮೂಗು ಅದನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ನಮ್ಮ ಮೂಗಿಗೇ ಎಷ್ಟು ದೂರದಿಂದ ಬರುತ್ತದೆ ನೆನಪಿಸಿಕೊಳ್ಳಿ. ಗಾಳಿ ನಿಮ್ಮಿಂದ ಜಿಂಕೆಯ ದಾರಿಯತ್ತ ಬೀಸುತ್ತಿದ್ದರೆ ಆ ಅಟ್ಟಣೆ ಅಂದು ನಿಮಗಲ್ಲ. ಮೋಡ ಕವಿದ ದಿನದ ಒಂದು ಅನುಕೂಲವೆಂದರೆ, ನೆಲ ಬಿಸಿಯಾಗಿ ಗಾಳಿ ಮೇಲೇಳುವ, ಸಂಜೆ ತಣಿದು ಕೆಳಗಿಳಿಯುವ ಏರಿಳಿತ ಕಡಿಮೆ ಇರುತ್ತದೆ. ಬೀಸುವ ಗಾಳಿಯ ದಿಕ್ಕನ್ನು ನಂಬಬಹುದು.

ಜಿಂಕೆಗೆ ಸೋನೆಮಳೆ ಲೆಕ್ಕಕ್ಕಿಲ್ಲ. ಅಕ್ಟೋಬರ್ ಹೊತ್ತಿಗೆ ಅದರ ಮೈಮೇಲೆ ಚಳಿಗಾಲದ ದಟ್ಟ ಕೂದಲು ಬಂದಿರುತ್ತದೆ, ಒಳಗೆ ಟೊಳ್ಳಾದ ಆ ಕೂದಲು ಚಳಿಯನ್ನು ತಡೆಯುತ್ತದೆ. ಗಾಳಿ ಸಮೇತ ಜೋರು ಮಳೆ ಬಂದಾಗ ಮಾತ್ರ ಸೀಡರ್, ಹೆಮ್ಲಾಕ್‌ನಂಥ ನಿತ್ಯಹರಿದ್ವರ್ಣದ ಮರಗಳ ಅಡಿ ಮಲಗಿಬಿಡುತ್ತದೆ, ಏಕೆಂದರೆ ಆ ಗದ್ದಲದಲ್ಲಿ ಅಪಾಯದ ಸದ್ದು ಕೇಳುವುದಿಲ್ಲ ಎಂದು ಅದಕ್ಕೂ ಗೊತ್ತು. ಹಾಗೆ ಹಗಲೆಲ್ಲ ಮಲಗಿದ್ದು ಹಸಿದ ಜಿಂಕೆ ಮಳೆ ನಿಂತ ಕೂಡಲೇ ಏಳುತ್ತದೆ. ಗಾಳಿಮಳೆಗೆ ಉದುರಿದ ಓಕ್ ಕಾಯಿ ಮರದಡಿ ಹಾಸಿರುತ್ತದೆ. ನಮ್ಮ ಕಡೆ ಸ್ವಾತಿ ಮಳೆ ಹಿಡಿಯುವ ಈ ದಿನಗಳಲ್ಲೇ ಇಲ್ಲಿ ಗಂಡು ಜಿಂಕೆಗಳು ಹೆಣ್ಣನ್ನು ಹುಡುಕಿ ಅಲೆಯಲು ಶುರು ಮಾಡುತ್ತವೆ. ಮರಕ್ಕೆ ಉಜ್ಜಿದ, ನೆಲ ಕೆರೆದ ತಮ್ಮ ಗುರುತುಗಳು ಮಳೆಗೆ ತೊಳೆದುಹೋದದ್ದರಿಂದ ಅವನ್ನು ಹೊಸದಾಗಿ ಮಾಡಲು ಬರುತ್ತವೆ. ಹೀಗಾಗಿ ಮಳೆ ನಿಂತ ಮೊದಲ ಎರಡು ಗಂಟೆಯಷ್ಟು ಒಳ್ಳೆಯ ಹೊತ್ತು ಇಡೀ ಋತುವಿನಲ್ಲಿ ಕೆಲವೇ ಸಲ ಸಿಗುತ್ತದೆ. ಇದಕ್ಕೇ ನಿಮ್ಮನ್ನು ಮೂರು ಗಂಟೆಯ ನಂತರ ಹೋಗಿ ಎಂದದ್ದು.

ಗರಿಯ ಬಾಣದ ಬಗ್ಗೆ ಕೇಳಿದ್ದೀರಿ. ನಿಜ. ಟರ್ಕಿ ಕೋಳಿಯ ಗರಿ ನೀರು ಕುಡಿದರೆ ಭಾರವಾಗಿ ಕಾಂಡಕ್ಕೆ ಅಂಟಿಕೊಂಡು ಮಲಗುತ್ತದೆ, ಬಾಣದ ಹಿಂಭಾಗ ತೂಗಾಡುತ್ತದೆ. ನೀರು ಹಿಡಿಯದಂತೆ ಗರಿಗೆ ಸವರುವ ಪುಡಿ ಸಿಗುತ್ತದೆ, ಸೋನೆಗೆ ಅದು ಸಾಕು. ಸಾಂಪ್ರದಾಯಿಕ ಬಿಲ್ಲಿನಲ್ಲಿ ನಾನು ಗರಿಯನ್ನೇ ಬಳಸುತ್ತೇನೆ. ಬಾಣ ಬಿಲ್ಲಿನ ಹಿಡಿಯ ಮೇಲಂಚಿಗೆ ಉಜ್ಜಿ ಹೋಗುವಾಗ ಅದು ಬಾಗಿಕೊಡುತ್ತದೆ, ಪ್ಲಾಸ್ಟಿಕ್ ಬಾಗುವುದಿಲ್ಲ. ನಿಮ್ಮದು ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲಾಗಿದ್ದರೆ ಪ್ಲಾಸ್ಟಿಕ್ ರೆಕ್ಕೆಯ ಬಾಣ ಹಾಕಿ, ಚಿಂತೆ ಬಿಡಿ. ಹೆದೆಗೆ ಎರಡು ದಿನ ಮುಂಚೆ ಮೇಣ ತಿಕ್ಕಿ, ಬೆರಳಿನ ಬಿಸಿಗೆ ಅದು ಎಳೆಯೊಳಗೆ ಇಳಿಯಬೇಕು. ಹೆದೆಯ ನಡುವೆ ಕೂರಿಸಿರುವ ಪೀಪ್‌ನ ಸಣ್ಣ ರಂಧ್ರದಲ್ಲಿ ಒಂದೇ ಹನಿ ನೀರು ನಿಂತರೂ ಗುರಿ ಮಸುಕಾಗುತ್ತದೆ. ಆಗಾಗ ಊದಿ ತೆಗೆಯಿರಿ, ಜಿಂಕೆ ಬಂದ ಮೇಲೆ ಊದಲು ಆಗುವುದಿಲ್ಲ. ಲೇಸರ್ ದೂರಮಾಪಕ ಮಂಜು, ಮಳೆಹನಿಗಳಿಗೆ ಮೋಸಹೋಗಿ ಸುಳ್ಳು ದೂರ ತೋರಿಸುತ್ತದೆ. ಆಕಾಶ ತಿಳಿಯಾಗಿದ್ದಾಗಲೇ ಸುತ್ತಲಿನ ನಾಲ್ಕೈದು ಮರಗಳ ದೂರ ಅಳೆದು ನೆನಪಿಟ್ಟುಕೊಳ್ಳಿ. ಇಳಿಜಾರಿನ ಲೆಕ್ಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ನೆಲದ ಮೇಲೆ 60 ಅಡಿ ಇರುವ ಜಿಂಕೆ ನಿಮ್ಮ ಎತ್ತರದಿಂದ 63 ಅಡಿ, ಒಂದೇ ಗಜದ ವ್ಯತ್ಯಾಸ. ಅಲಗಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಒಂದೇ ರಾತ್ರಿಯ ತುಕ್ಕು ಅದರ ಹರಿತ ಕೆಡಿಸುತ್ತದೆ. ಮನೆಗೆ ಬಂದ ಮೇಲೆ ಬಿಲ್ಲನ್ನು ಒಲೆಯ ಬಳಿ ಇಡದೆ ಗಾಳಿಯಲ್ಲಿ ಒಣಗಿಸಿ.

ಒಂದು ಅಭ್ಯಾಸ ಅಂಗಡಿಯಲ್ಲಿ ಸಿಗುವುದಿಲ್ಲ. ಮಳೆಯಂಗಿ, ಹಾರ್ನೆಸ್, ಕೈಗವಸು ಎಲ್ಲ ತೊಟ್ಟು, ಶನಿವಾರಕ್ಕೆ ಮುಂಚೆ ಒಮ್ಮೆ ಹಿತ್ತಿಲಲ್ಲಿ ಬಾಣ ಬಿಟ್ಟು ನೋಡಿ. ಉಬ್ಬಿದ ತೋಳಿಗೆ ಹೆದೆ ತಗುಲಿದರೆ ಬಾಣ ಒಂದು ಗೇಣು ಅತ್ತಿತ್ತ ಹೋಗುತ್ತದೆ, ಆ ಒಂದು ಗೇಣಿನಲ್ಲಿ ಶ್ವಾಸಕೋಶ ಹೋಗಿ ಹೊಟ್ಟೆ ಬರುತ್ತದೆ.

ಜಾಕೆಟ್: ದುಬಾರಿಯದು ಬೇಡ. ನೀರು ತಡೆಯುವ ಗಟ್ಟಿ ಬಟ್ಟೆ ಸರಬರ ಸದ್ದು ಮಾಡುತ್ತದೆ, ಮಳೆ ನಿಂತ ನಿಶ್ಶಬ್ದದಲ್ಲಿ ಇಪ್ಪತ್ತು ಗಜಕ್ಕೂ ಕೇಳುತ್ತದೆ. ನಮ್ಮ ಮಲೆನಾಡಿನವರು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ದಿನವಿಡೀ ನಿಲ್ಲುತ್ತಿದ್ದರಲ್ಲ, ಆ ಉಣ್ಣೆಯ ಗುಣವೇ ಇಲ್ಲಿಯೂ ಕಾಯುವುದು: ನೆನೆದರೂ ಬಿಸಿ ಬಿಟ್ಟುಕೊಡುವುದಿಲ್ಲ, ಸದ್ದೂ ಮಾಡುವುದಿಲ್ಲ. ಒಳಗೆ ಉಣ್ಣೆ ಅಂಗಿ, ಮೇಲೆ ಉಣ್ಣೆ ಅಥವಾ ಫ್ಲೀಸ್ ಜಾಕೆಟ್, ನಡೆದು ಹೋಗುವಾಗ ಮಾತ್ರ ಮಳೆಯಂಗಿ. ಹತ್ತಿ ಬಟ್ಟೆ, ಜೀನ್ಸ್ ಮನೆಯಲ್ಲಿರಲಿ; 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೆನೆದ ಹತ್ತಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ನಡುಗುವ ಕೈಯಿಂದ ಇಳಿಯುವುದೇ ಅಪಾಯ.

ಊರಿನಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಜಿಂಕೆ ಬೇಟೆ ಅಪರಾಧ, ಅದು ಹಾಗೆಯೇ ಇರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಇಲ್ಲಿನ ಸ್ಥಿತಿ ಬೇರೆ. ದಕ್ಷಿಣ ಮಿಷಿಗನ್‌ನಲ್ಲಿ ಜಿಂಕೆಯನ್ನು ತಿನ್ನುವ ತೋಳದ ಹಿಂಡುಗಳಿಲ್ಲ, ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆ ಅವು ಹೇರಳವಾಗಿ ಬೆಳೆಯುತ್ತವೆ. ಯಾವಾಗ, ಎಷ್ಟು ಹೊಡೆಯಬಹುದು ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ನಿಗದಿ ಮಾಡುತ್ತದೆ. ಮಿಷಿಗನ್‌ನಲ್ಲಿ ಬಿಲ್ಲುಗಾರರಿಗೆಂದೇ ಪ್ರತ್ಯೇಕ ಋತು 1937ರಲ್ಲಿ ಎರಡು ಕೌಂಟಿಗಳಲ್ಲಿ ಮೊದಲಾಯಿತು. ಈಗ ಪ್ರತಿ ಅಕ್ಟೋಬರ್ 1ಕ್ಕೆ ರಾಜ್ಯದಾದ್ಯಂತ ಶುರುವಾಗುತ್ತದೆ. ಹೊಡೆದ ಜಿಂಕೆಯ ವಿವರವನ್ನು 72 ಗಂಟೆಗಳೊಳಗೆ ಇಲಾಖೆಗೆ ತಿಳಿಸಬೇಕು.

ಹಾಗಾದರೆ ನಿಮ್ಮ ಶನಿವಾರ. ಬೆಳಗ್ಗೆ ಮನೆಯಲ್ಲೇ ಇರಿ, ಮಧ್ಯಾಹ್ನ ಊಟ ಮಾಡಿ ಹೊರಡಿ. ಎರಡೂವರೆಗೆ ಹೊಲದ ಬದಿಯಲ್ಲಿ ಕಾರಿನೊಳಗೆ ಕೂತು ಮಳೆಯನ್ನು ನೋಡುತ್ತಿರಿ. ಅದು ನಿಜವಾಗಿಯೂ ನಿಂತು, ರಾಡಾರ್ ಚಿತ್ರದಲ್ಲಿ ಪಶ್ಚಿಮದ ಕಡೆ ಇನ್ನೊಂದು ಮೋಡ ಇಲ್ಲವೆಂದು ಕಂಡ ಮೇಲೆ ನಡೆಯಿರಿ. ನೆನೆದ ಎಲೆಯ ಮೇಲೆ ನಿಮ್ಮ ಹೆಜ್ಜೆ ನಿಮಗೇ ಕೇಳುವುದಿಲ್ಲ. ಅಂದು ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ, ಕಾನೂನಿನ ಪ್ರಕಾರ ಇನ್ನೂ ಅರ್ಧ ಗಂಟೆ ಬಾಣ ಬಿಡಬಹುದು. ಆ ಕೊನೆಯ ಅರ್ಧ ಗಂಟೆಯನ್ನು ಒದ್ದೆ ಕಾಡಿನಲ್ಲಿ ನಾನು ಬಳಸುವುದಿಲ್ಲ, ಕತ್ತಲಲ್ಲಿ ಹೊಳೆಯುವ ಒದ್ದೆ ಎಲೆಗಳ ನಡುವೆ ರಕ್ತ ಕಾಣುವುದಿಲ್ಲ. ಆರೂವರೆಗೆ ಬಾಣವನ್ನು ಬತ್ತಳಿಕೆಗೆ ಸೇರಿಸಿ, ಬಿಲ್ಲನ್ನು ಹಗ್ಗದಲ್ಲಿ ಕೆಳಗಿಳಿಸಿ, ಬೆಳಕು ಇರುವಾಗಲೇ ಒಂದೊಂದೇ ಮೆಟ್ಟಿಲು ಇಳಿದು ಬನ್ನಿ.